ಗಾಳಿಯನ್ನು ಲೆಕ್ಕ ಹಾಕಿದ ರಿಚರ್ಡ್‌ಸನ್

ಮಕ್ಕಳೇ, ಚಳಿಗಾಲದಲ್ಲಿ ನಸುಕಿಗೆ ಎದ್ದು ಮನೆಯ ಮಾಳಿಗೆ ಹತ್ತಿ ನೋಡಿದ್ದೀರಾ? ಸುರಪುರ ತಾಲ್ಲೂಕಿನ ಕಕ್ಕೇರಾದಲ್ಲಿ ನಿಂತು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ನೀರು ಕಾಯಿಸಲು ಹಚ್ಚಿದ ಒಲೆಗಳ ಹೊಗೆ ಮೇಲಕ್ಕೆ ಏರುವುದಿಲ್ಲ. ಮನೆಗಳ ಮೇಲೆ ಹಚ್ಚಡ ಹೊದಿಸಿದಂತೆ ಅಡ್ಡಲಾಗಿ ಹರಡಿ ನಿಲ್ಲುತ್ತದೆ. ಗದ್ದೆಯಲ್ಲಿ ನೆಲ್ಲಿನ ಕೂಳೆಗೋ, ಹೊಲದಲ್ಲಿ ಹತ್ತಿ ಕಟ್ಟಿಗೆಗೋ ಯಾರಾದರೂ ಬೆಂಕಿ ಇಟ್ಟಿದ್ದರೆ ಆ ಹೊಗೆಯೂ ಬಂದು ಸೇರಿಕೊಳ್ಳುತ್ತದೆ. ಕಣ್ಣು ಉರಿಯುತ್ತದೆ. ವಯಸ್ಸಾದವರಿಗೆ ಕೆಮ್ಮು ಹೆಚ್ಚಾಗುತ್ತದೆ. ಬಿಸಿಲೇರಿದ ಮೇಲೆ ಹೊರಗೆ ಬಂದು ನೋಡಿ, ಹೊಗೆ ಮಾಯವಾಗಿರುತ್ತದೆ!

ಆ ಹೊಗೆ ಎಲ್ಲಿಗೆ ಹೋಯಿತು? ಎಷ್ಟು ದೂರ ಹೋಯಿತು? ಬೆಳಿಗ್ಗೆ ಏಕೆ ನಿಂತಿತ್ತು? ಇಂತಹ ಪ್ರಶ್ನೆಗಳಿಗೆ ಇಂದು ವಿಜ್ಞಾನಿಗಳು ದೊಡ್ಡ ದೊಡ್ಡ ಗಣಕಯಂತ್ರಗಳ ನೆರವಿನಿಂದ ಉತ್ತರ ಹುಡುಕುತ್ತಾರೆ. ಆದರೆ ಇಂತಹ ಲೆಕ್ಕದ ದಾರಿಯನ್ನು ತೋರಿಸಿದವರು ಗಣಕಯಂತ್ರ ಹುಟ್ಟುವುದಕ್ಕೆ ಮೊದಲೇ ಕಾಗದ ಮತ್ತು ಪೆನ್ಸಿಲ್ ಹಿಡಿದು ಕುಳಿತಿದ್ದ ಒಬ್ಬ ವಿಜ್ಞಾನಿ. ಅವರ ಹೆಸರು ಲೂಯಿಸ್ ಫ್ರೈ ರಿಚರ್ಡ್‌ಸನ್. ಅವರ ಜೀವನದ ಕಥೆ ಇಲ್ಲಿದೆ.

ಹಣ ಬಿತ್ತಿದ ಹುಡುಗ

ರಿಚರ್ಡ್‌ಸನ್ 1881ರ ಅಕ್ಟೋಬರ್ 11ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಜನಿಸಿದರು. ತಂದೆ ಡೇವಿಡ್, ತಾಯಿ ಕ್ಯಾಥರಿನ್. ಏಳು ಮಕ್ಕಳಲ್ಲಿ ಇವರೇ ಕೊನೆಯವರು. ತಂದೆ ಚರ್ಮ ಹದ ಮಾಡುವ ಉದ್ಯಮ ನಡೆಸುತ್ತಿದ್ದರು. ಅವರದು ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಮನೆತನ. ಯಾವ ಕಾರಣಕ್ಕೂ ಯುದ್ಧ ಮಾಡಬಾರದು, ಮನುಷ್ಯನ ಮೇಲೆ ಆಯುಧ ಎತ್ತಬಾರದು ಎಂಬುದು ಈ ಪಂಥದವರ ನಂಬಿಕೆ. ಈ ನಂಬಿಕೆ ರಿಚರ್ಡ್‌ಸನ್ನರ ಇಡೀ ಬದುಕಿನ ಮೇಲೆ ಪ್ರಭಾವ ಬೀರಿತು. ಅದನ್ನು ಮುಂದೆ ನೋಡೋಣ.

ಬಾಲಕ ಲೂಯಿಸ್‌ನಿಗೆ ಐದು ವರ್ಷವಾಗಿದ್ದಾಗ ಬ್ಯಾಂಕಿನಲ್ಲಿ ಇಟ್ಟ ಹಣ ಬೆಳೆಯುತ್ತದೆ ಎಂದು ದೊಡ್ಡವರು ಆಡಿದ ಮಾತು ಕಿವಿಗೆ ಬಿತ್ತು. ಬೆಳೆಯುವುದಾದರೆ ಮಣ್ಣಿನಲ್ಲಿಯೂ ಬೆಳೆಯಬೇಕಲ್ಲ! ಹುಡುಗ ತೋಟದಲ್ಲಿ ಒಂದು ಗುಂಡಿ ತೋಡಿ ತನ್ನ ಹಣವನ್ನು ಹೂತಿಟ್ಟು ಕಾದ. ಹಣ ಮೊಳಕೆಯೊಡೆಯಲಿಲ್ಲ. ನಮಗೆ ನಗು ಬರಬಹುದು. ಆದರೆ ಕೇಳಿದ್ದನ್ನು ಹಾಗೆಯೇ ನಂಬದೆ ತಾನೇ ಮಾಡಿ ನೋಡುವ ಗುಣ ಆ ವಯಸ್ಸಿನಲ್ಲೇ ಅವರಲ್ಲಿತ್ತು.

ಯಾರ್ಕ್ ನಗರದ ಶಾಲೆಯಲ್ಲಿ ಓದಿ, ನ್ಯೂಕ್ಯಾಸಲ್‌ನಲ್ಲಿ ಕಾಲೇಜು ಸೇರಿ, ಅನಂತರ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಿಂಗ್ಸ್ ಕಾಲೇಜಿನಲ್ಲಿ 1903ರಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಪಡೆದರು.

ಚೌಕಳಿಯ ಉಪಾಯ

ಪದವಿಯ ನಂತರ ರಿಚರ್ಡ್‌ಸನ್ ಹಲವು ಕಡೆ ಕೆಲಸ ಮಾಡಿದರು. ಅವುಗಳಲ್ಲಿ ಒಂದು, ಪೀಟ್ ತೆಗೆಯುವ ಕಂಪನಿ. ಜೌಗು ನೆಲದಲ್ಲಿ ಗಿಡಗಂಟಿಗಳು ಸಾವಿರಾರು ವರ್ಷ ಅರೆಬರೆ ಕೊಳೆತು ಉಂಟಾಗುವ ಕಪ್ಪು ವಸ್ತುವೇ ಪೀಟ್. ಅದನ್ನು ಒಣಗಿಸಿ ಉರುವಲಾಗಿ ಬಳಸುತ್ತಾರೆ. ನೀರು ಬಸಿದು ಹೋಗಬೇಕಾದರೆ ಕಾಲುವೆಗಳನ್ನು ಹೇಗೆ ತೋಡಬೇಕು ಎಂಬುದು ಅವರ ಮುಂದಿದ್ದ ಸಮಸ್ಯೆ. ಗಣಿತದ ಸಮೀಕರಣ ಇತ್ತು. ಆದರೆ ನಿಜವಾದ ನೆಲ ಅಂಕುಡೊಂಕು. ಅದಕ್ಕೆ ಹೊಂದುವ ನೇರ ಉತ್ತರ ದೊರೆಯುತ್ತಿರಲಿಲ್ಲ.

ಆಗ ಅವರು ಒಂದು ಉಪಾಯ ಮಾಡಿದರು. ನೆಲದ ನಕ್ಷೆಯ ಮೇಲೆ ಚೌಕಾಬಾರದ ಮನೆಗಳಂತೆ ಚೌಕಗಳನ್ನು ಎಳೆದರು. ಒಂದೊಂದು ಚೌಕಕ್ಕೂ ಒಂದೊಂದು ಸಂಖ್ಯೆ. ಒಂದು ಚೌಕದ ಸಂಖ್ಯೆ ಅದರ ಅಕ್ಕಪಕ್ಕದ ಚೌಕಗಳ ಸಂಖ್ಯೆಗಳನ್ನು ಅವಲಂಬಿಸಿರುತ್ತದೆ. ಹೀಗೆ ಮಾಡಿದರೆ ಕಠಿಣವಾದ ಸಮೀಕರಣ ಒಡೆದು ಕೂಡುವುದು, ಕಳೆಯುವುದು, ಗುಣಿಸುವುದು ಎಂಬ ಸುಲಭ ಲೆಕ್ಕಗಳಾಗುತ್ತದೆ. ಲೆಕ್ಕ ಸುಲಭ, ಆದರೆ ಸಾವಿರಾರು ಇರುತ್ತವೆ!

ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿರುವ ಅಣೆಕಟ್ಟನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಹಿಂದೆ ನಿಂತ ನೀರಿನ ಭಾರ ಕಟ್ಟೆಯ ಯಾವ ಭಾಗದ ಮೇಲೆ ಎಷ್ಟು ಬೀಳುತ್ತದೆ ಎಂದು ಎಂಜಿನಿಯರುಗಳು ಮೊದಲೇ ತಿಳಿದಿರಬೇಕು. ಈಜಿಪ್ಟಿನ ನೈಲ್ ನದಿಯ ಆಸ್ವಾನ್ ಅಣೆಕಟ್ಟಿಗೆ ರಿಚರ್ಡ್‌ಸನ್ ತಮ್ಮ ಚೌಕಗಳ ವಿಧಾನವನ್ನು ಅನ್ವಯಿಸಿ 1910ರಲ್ಲಿ ಪ್ರಬಂಧ ಬರೆದರು. ಲೆಕ್ಕ ಮಾಡಲು ಹುಡುಗರನ್ನು ಕೂಲಿಗೆ ಇಟ್ಟುಕೊಂಡಿದ್ದರು. ಕೂಲಿ ದಿನಕ್ಕೆ ಇಷ್ಟು ಎಂದಲ್ಲ, ಲೆಕ್ಕಕ್ಕೆ ಇಷ್ಟು ಎಂದು. ಚುರುಕಾದ ಒಬ್ಬ ಹುಡುಗ ಮೂರಂಕಿ ಸಂಖ್ಯೆಗಳಲ್ಲಿ ವಾರಕ್ಕೆ 2,000 ಲೆಕ್ಕ ಮುಗಿಸುತ್ತಿದ್ದನಂತೆ, ಅದೂ ತಪ್ಪಾದವುಗಳನ್ನು ಬಿಟ್ಟು. ಹುಡುಗರಿಗೆ ಹೆಚ್ಚು ತೊಂದರೆ ಕೊಟ್ಟದ್ದು ಯಾವುದು ಗೊತ್ತೇ? ನಿಮಗೆ ತೊಂದರೆ ಕೊಡುವುದೇ: ಕೂಡುವ ಮತ್ತು ಕಳೆಯುವ ಚಿಹ್ನೆಗಳ ಗೊಂದಲ!

1909ರಲ್ಲಿ ಅವರು ಡೊರೊತಿ ಗಾರ್ನೆಟ್ ಅವರನ್ನು ಮದುವೆಯಾದರು. ಮುಂದೆ ಈ ದಂಪತಿ ಮೂವರು ಮಕ್ಕಳನ್ನು ದತ್ತು ಪಡೆದು ಸಾಕಿದರು. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಡಿಕ್ಕಿ ಹೊಡೆದು ಮುಳುಗಿತು. ಕತ್ತಲಲ್ಲಿ ಹಿಮಗಡ್ಡೆಯನ್ನು ಪ್ರತಿಧ್ವನಿಯಿಂದ ಪತ್ತೆ ಮಾಡಬಹುದೇ ಎಂದು ರಿಚರ್ಡ್‌ಸನ್ ಯೋಚಿಸಿದರು. ಡೊರೊತಿ ದೋಣಿಗೆ ಹುಟ್ಟು ಹಾಕಿದರೆ ಇವರು ಸೀಟಿ ಊದಿ, ಕಿವಿಯ ಹಿಂದೆ ಕೊಡೆ ಹಿಡಿದು, ಮರಳಿ ಬರುವ ಶಬ್ದವನ್ನು ಆಲಿಸಿದರು. ಗಾಳಿಯಲ್ಲಿ ಮತ್ತು ನೀರಿನಲ್ಲಿ ಪ್ರತಿಧ್ವನಿಯಿಂದ ವಸ್ತುಗಳನ್ನು ಪತ್ತೆ ಮಾಡುವ ವಿಧಾನಕ್ಕೆ ಅದೇ ವರ್ಷ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದರು.

ಗಾಳಿಗೂ ಚೌಕಗಳು

1913ರಲ್ಲಿ ರಿಚರ್ಡ್‌ಸನ್ ಬ್ರಿಟನ್ನಿನ ಹವಾಮಾನ ಇಲಾಖೆ ಸೇರಿ, ಸ್ಕಾಟ್‌ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ಎಂಬ ನಿರ್ಜನ ಸ್ಥಳದ ವೀಕ್ಷಣಾಲಯದ ಮುಖ್ಯಸ್ಥರಾದರು. ಆ ಕಾಲದಲ್ಲಿ ಮಳೆ ಗಾಳಿಯ ಮುನ್ಸೂಚನೆ ಕೊಡುವವರು ಹಳೆಯ ನಕ್ಷೆಗಳನ್ನು ತಿರುವಿ ಹಾಕುತ್ತಿದ್ದರು. ಇಂದಿನಂತಹ ದಿನ ಹಿಂದೆ ಎಂದಾದರೂ ಬಂದಿತ್ತೇ, ಬಂದಿದ್ದರೆ ಮರುದಿನ ಏನಾಗಿತ್ತು ಎಂದು ನೋಡಿ ಅಂದಾಜು ಹೇಳುತ್ತಿದ್ದರು.

ರಿಚರ್ಡ್‌ಸನ್ನರಿಗೆ ಇದು ಸಾಲದು ಎನಿಸಿತು. ಗಾಳಿಯೂ ಭೌತವಿಜ್ಞಾನದ ನಿಯಮಗಳಂತೆ ನಡೆಯುವ ವಸ್ತು. ಆ ನಿಯಮಗಳಿಂದ ನಾಳಿನ ಹವೆಯನ್ನು ಲೆಕ್ಕ ಹಾಕಬಹುದು ಎಂದು ನಾರ್ವೆಯ ವಿಜ್ಞಾನಿ ವಿಲ್ಹೆಲ್ಮ್ ಬ್ಯರ್ಕ್ನೆಸ್ 1904ರಲ್ಲೇ ತಿಳಿಸಿದ್ದರು. ಆದರೆ ಅಂಕಗಣಿತದಿಂದ ಹಾಗೆ ಲೆಕ್ಕ ಹಾಕಿ ನೋಡಿದವರು ಇರಲಿಲ್ಲ. ನೆಲಕ್ಕೆ ಮತ್ತು ಅಣೆಕಟ್ಟಿಗೆ ಎಳೆದ ಚೌಕಗಳನ್ನು ರಿಚರ್ಡ್‌ಸನ್ ಗಾಳಿಗೂ ಎಳೆದರು. ಪ್ರತಿ ಚೌಕದ ಬದಿ ಸುಮಾರು 200 ಕಿಲೋಮೀಟರ್. ನೆಲದಿಂದ ಮೇಲಕ್ಕೆ ಐದು ಪದರ. ಅಂದರೆ ಗಾಳಿಯನ್ನು ಪೆಟ್ಟಿಗೆಗಳನ್ನಾಗಿ ಭಾಗ ಮಾಡಿದರು. ಪ್ರತಿ ಪೆಟ್ಟಿಗೆಯ ವಾಯುಭಾರ, ಉಷ್ಣಾಂಶ, ತೇವಾಂಶ, ಗಾಳಿಯ ವೇಗ ಮತ್ತು ದಿಕ್ಕು ತಿಳಿದಿದ್ದರೆ, ಪಕ್ಕದ ಪೆಟ್ಟಿಗೆಯಿಂದ ಏನು ಬರುತ್ತದೆ, ಏನು ಹೋಗುತ್ತದೆ ಎಂದು ಲೆಕ್ಕ ಮಾಡಿ ಕೆಲವು ಗಂಟೆಗಳ ನಂತರದ ಸ್ಥಿತಿಯನ್ನು ಹೇಳಬಹುದು.

ಯುದ್ಧಭೂಮಿಯಲ್ಲಿ ಲೆಕ್ಕ

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ರಿಚರ್ಡ್‌ಸನ್ ಬಂದೂಕು ಹಿಡಿಯಲು ಒಪ್ಪಲಿಲ್ಲ. ಆದರೆ ಸಾಯುತ್ತಿರುವವರನ್ನು ನೋಡಿ ಸುಮ್ಮನಿರಲೂ ಅವರಿಂದ ಆಗಲಿಲ್ಲ. 1916ರಲ್ಲಿ ಕೆಲಸ ಬಿಟ್ಟು ಕ್ವೇಕರರ ಆಂಬುಲೆನ್ಸ್ ದಳ ಸೇರಿ ಫ್ರಾನ್ಸಿಗೆ ಹೋದರು. ಗುಂಡಿನ ಸುರಿಮಳೆಯ ನಡುವೆ ಗಾಯಾಳುಗಳನ್ನು ಹೊತ್ತು ತರುವ ವಾಹನ ಓಡಿಸುವುದು ಅವರ ಕೆಲಸ.

ಬಿಡುವಿದ್ದಾಗ ಹುಲ್ಲಿನ ರಾಶಿಯ ಮೇಲೆ ಕುಳಿತು ಲೆಕ್ಕ ಮಾಡುತ್ತಿದ್ದರು. 1910ರ ಮೇ 20ರಂದು ಯುರೋಪಿನ ಹಲವು ಕಡೆ ಬಲೂನು ಹಾರಿಸಿ ಮೇಲಿನ ಗಾಳಿಯನ್ನು ಅಳೆಯಲಾಗಿತ್ತು. ಆ ದಿನದ ಬೆಳಗಿನ ಅಂಕಿ ಅಂಶಗಳಿಂದ ಹೊರಟು ಜರ್ಮನಿಯ ಮ್ಯೂನಿಕ್ ನಗರದ ಬಳಿ ಆರು ಗಂಟೆಗಳಲ್ಲಿ ವಾಯುಭಾರ ಎಷ್ಟು ಬದಲಾಗುತ್ತದೆ ಎಂದು ಲೆಕ್ಕ ಹಾಕಿದರು. ಆರು ಗಂಟೆಗಳ ಹವೆಯ ಲೆಕ್ಕಕ್ಕೆ ಸುಮಾರು ಆರು ವಾರ ಹಿಡಿಯಿತು. 1917ರಲ್ಲಿ ಕಾಳಗದ ಗಡಿಬಿಡಿಯಲ್ಲಿ ಹಸ್ತಪ್ರತಿಯೇ ಕಳೆದುಹೋಯಿತು. ತಿಂಗಳುಗಳ ನಂತರ ಬೆಲ್ಜಿಯಂನಲ್ಲಿ ಕಲ್ಲಿದ್ದಲಿನ ರಾಶಿಯ ಕೆಳಗೆ ಸಿಕ್ಕಿತು!

ಇಷ್ಟು ಕಷ್ಟಪಟ್ಟು ಬಂದ ಉತ್ತರ ಏನು? ವಾಯುಭಾರ 145 ಮಿಲಿಬಾರ್ ಏರುತ್ತದೆ ಎಂದು ಬಂತು. ನಿಜವಾಗಿ ಅಂದು ವಾಯುಭಾರ ಹೆಚ್ಚು ಕಡಿಮೆ ಇದ್ದಷ್ಟೇ ಇತ್ತು. 145 ಮಿಲಿಬಾರ್ ಎಂದರೆ ಎಷ್ಟು ಎಂದು ತಿಳಿಯಲು ಒಂದು ಹೋಲಿಕೆ ನೋಡಿ. 1999ರಲ್ಲಿ ಒಡಿಶಾವನ್ನು ಧ್ವಂಸ ಮಾಡಿದ ಮಹಾ ಚಂಡಮಾರುತದ ಕೇಂದ್ರದಲ್ಲಿಯೇ ವಾಯುಭಾರ ಸುತ್ತಲಿಗಿಂತ ಸುಮಾರು 100 ಮಿಲಿಬಾರ್ ಕಡಿಮೆ ಇತ್ತು. ಅಂದಮೇಲೆ ರಿಚರ್ಡ್‌ಸನ್ನರ ಉತ್ತರ ಪೂರ್ತಿ ತಪ್ಪಾಗಿತ್ತು.

ಅವರು ಈ ತಪ್ಪನ್ನು ಮುಚ್ಚಿಡಲಿಲ್ಲ. 1922ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇಡೀ ಲೆಕ್ಕವನ್ನು ಬಿಡಿಸಿ ತೋರಿಸಿದರು. ಮೊದಲು ಅಳೆದ ಗಾಳಿಯ ಅಂಕಿಗಳಲ್ಲಿಯೇ ದೋಷವಿತ್ತು ಎಂದು ತಿಳಿಸಿದರು. ಅದು ಸರಿಯಾದ ಊಹೆ. ಹಲವು ದಶಕಗಳ ನಂತರ ಐರ್ಲೆಂಡಿನ ಪೀಟರ್ ಲಿಂಚ್ ಎಂಬ ವಿಜ್ಞಾನಿ ಅದೇ ಲೆಕ್ಕವನ್ನು ಗಣಕಯಂತ್ರದಲ್ಲಿ ಮಾಡಿ ನೋಡಿದರು. ಆರಂಭದ ಅಂಕಿಗಳ ಏರುಪೇರನ್ನು ಸರಿಪಡಿಸಿದಾಗ ನಂಬುವಂತಹ ಉತ್ತರವೇ ಬಂತು. ವಿಧಾನ ಸರಿಯಾಗಿತ್ತು, ಹಾಕಿದ ಅಂಕಿಗಳು ಸರಿ ಇರಲಿಲ್ಲ.

64,000 ಲೆಕ್ಕಿಗರ ಸಭಾಂಗಣ

ಆ ಪುಸ್ತಕದಲ್ಲಿ ರಿಚರ್ಡ್‌ಸನ್ ಒಂದು ಕಲ್ಪನೆಯನ್ನು ಬಣ್ಣಿಸಿದ್ದಾರೆ. ಒಂದು ದೊಡ್ಡ ನಾಟಕ ಮಂದಿರದಂತಹ ಗುಂಡನೆಯ ಸಭಾಂಗಣ. ಗೋಡೆಗಳ ಮೇಲೆ ಭೂಮಿಯ ನಕ್ಷೆ. ಒಬ್ಬೊಬ್ಬ ಲೆಕ್ಕಿಗನೂ ತನ್ನ ಮುಂದಿನ ಭೂಭಾಗದ ಹವೆಯ ಲೆಕ್ಕದಲ್ಲಿ ತನ್ನ ಪಾಲನ್ನು ಮಾಡುತ್ತಾನೆ. ಮಾಡಿದ ಉತ್ತರವನ್ನು ಪಕ್ಕದವರಿಗೆ ತೋರಿಸುತ್ತಾನೆ. ನಡುವೆ ಎತ್ತರದ ಕಂಬದ ಮೇಲೆ ಒಬ್ಬ ಮುಖ್ಯಸ್ಥ ನಿಂತಿರುತ್ತಾನೆ. ಬೇಗ ಮಾಡುತ್ತಿರುವವರ ಮೇಲೆ ಗುಲಾಬಿ ಬೆಳಕು, ಹಿಂದೆ ಬಿದ್ದವರ ಮೇಲೆ ನೀಲಿ ಬೆಳಕು ಹಾಯಿಸಿ ಎಲ್ಲರನ್ನೂ ಒಂದೇ ಗತಿಯಲ್ಲಿ ನಡೆಸುತ್ತಾನೆ. ಇಡೀ ಭೂಮಿಯ ಹವೆಯ ಜೊತೆಜೊತೆಗೆ ಓಡಲು 64,000 ಲೆಕ್ಕಿಗರು ಬೇಕು ಎಂಬುದು ಅವರ ಅಂದಾಜು.

ಇದು ಆಗ ಬರೀ ಕನಸು. ಅಷ್ಟು ಜನರನ್ನು ಎಲ್ಲಿಂದ ತರುವುದು? ಅವರಿಗೆ ಸಂಬಳ ಕೊಡುವವರು ಯಾರು?

ಹೊಗೆ ಹರಡುವ ಬಗೆ

ಯುದ್ಧ ಮುಗಿದ ಮೇಲೆ ರಿಚರ್ಡ್‌ಸನ್ ಮತ್ತೆ ಹವಾಮಾನ ಇಲಾಖೆಗೆ ಬಂದರು. ಆದರೆ 1920ರಲ್ಲಿ ಆ ಇಲಾಖೆ ವಾಯುಪಡೆಯನ್ನು ನೋಡಿಕೊಳ್ಳುವ ಸಚಿವಾಲಯದ ಕೈಗೆ ಹೋಯಿತು. ಯುದ್ಧಕ್ಕೆ ಸಂಬಂಧಿಸಿದ ಕಚೇರಿಯಲ್ಲಿ ದುಡಿಯಲು ಮನಸ್ಸು ಒಪ್ಪದೆ ಅವರು ರಾಜೀನಾಮೆ ಕೊಟ್ಟರು. ಲಂಡನ್ನಿನಲ್ಲಿ ಶಿಕ್ಷಕರನ್ನು ತಯಾರು ಮಾಡುವ ಕಾಲೇಜೊಂದರಲ್ಲಿ ಭೌತವಿಜ್ಞಾನ ಕಲಿಸತೊಡಗಿದರು.

ಆ ದಿನಗಳಲ್ಲಿ ಅವರು ಗಾಳಿಯ ಸುಳಿಗಳನ್ನು ಕುರಿತು ಸಂಶೋಧನೆ ಮಾಡಿದರು. ಗಾಳಿ ನೇರವಾಗಿ ಹರಿಯುವುದಿಲ್ಲ. ಕಾಲುವೆಯ ನೀರಿನಂತೆ ಸುಳಿ ಸುಳಿಯಾಗಿ ಸಾಗುತ್ತದೆ. ದೊಡ್ಡ ಸುಳಿಯೊಳಗೆ ಸಣ್ಣ ಸುಳಿ, ಸಣ್ಣ ಸುಳಿಯೊಳಗೆ ಇನ್ನೂ ಸಣ್ಣದು. ಹೊಗೆಯನ್ನು ಹರಡುವುದು ಈ ಸುಳಿಗಳೇ. ಚೀಟಿ ಕಟ್ಟಿ ಹಾರಿಬಿಟ್ಟ ಆಟದ ಬಲೂನುಗಳು ಎಲ್ಲೆಲ್ಲಿ ಬಿದ್ದವು ಎಂಬುದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರು. 1926ರಲ್ಲಿ ಒಂದು ನಿಯಮವನ್ನು ಪ್ರಕಟಿಸಿದರು. ಗಾಳಿಯಲ್ಲಿ ತೇಲುವ ಎರಡು ಕಣಗಳು ಹತ್ತಿರವಿದ್ದಾಗ ನಿಧಾನವಾಗಿ ದೂರವಾಗುತ್ತವೆ. ದೂರ ಹೆಚ್ಚಿದಂತೆ ಇನ್ನೂ ದೊಡ್ಡ ಸುಳಿಗಳು ಅವನ್ನು ಸೆಳೆಯುವುದರಿಂದ ಇನ್ನೂ ಬೇಗ ಚದುರುತ್ತವೆ. ನಡುವಿನ ಅಂತರ 8 ಪಟ್ಟು ಆದರೆ ಹರಡುವಿಕೆಯ ಪ್ರಮಾಣ 16 ಪಟ್ಟು ಆಗುತ್ತದೆ!

ಇನ್ನೊಂದು ಪ್ರಶ್ನೆಗೂ ಅವರು 1920ರಲ್ಲಿ ಉತ್ತರ ಕಂಡುಕೊಂಡಿದ್ದರು. ಅದು ನಮ್ಮ ಮಾಳಿಗೆಯ ಪ್ರಶ್ನೆಯೇ. ಬೆಳಗಿನ ಹೊಗೆ ಏಕೆ ಮೇಲೇರುವುದಿಲ್ಲ? ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಅದರ ಮೇಲೆ ಬೆಚ್ಚಗಿನ ಹಗುರ ಗಾಳಿ ಮುಚ್ಚಳದಂತೆ ಕುಳಿತಿರುತ್ತದೆ. ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ ಇದ್ದರೆ ಎರಡೂ ಬೆರೆಯುವುದಿಲ್ಲ. ನೀರಿನ ಮೇಲೆ ಎಣ್ಣೆ ನಿಂತಂತೆ. ಜೋರು ಗಾಳಿ ಬೀಸಿದರೆ ಮಾತ್ರ ಸುಳಿಗಳೆದ್ದು ಬೆರೆಸುತ್ತವೆ. ಬೆರೆಯದಂತೆ ತಡೆಯುವ ಬಲ ಎಷ್ಟು, ಬೆರೆಸುವ ಗಾಳಿಯ ಬಲ ಎಷ್ಟು ಎಂದು ಹೋಲಿಸುವ ಒಂದು ಸಂಖ್ಯೆಯನ್ನು ರಿಚರ್ಡ್‌ಸನ್ ಕೊಟ್ಟರು. ಇಂದಿಗೂ ಅದನ್ನು ರಿಚರ್ಡ್‌ಸನ್ ಸಂಖ್ಯೆ ಎಂದೇ ಕರೆಯುತ್ತಾರೆ. ಆ ಸಂಖ್ಯೆ ದೊಡ್ಡದಾಗಿದ್ದರೆ ಸುಳಿಗಳು ಅಡಗುತ್ತವೆ, ಹೊಗೆ ನಿಲ್ಲುತ್ತದೆ. ಬಿಸಿಲೇರಿ ನೆಲ ಕಾದಾಗ ಕೆಳಗಿನ ಗಾಳಿ ಹಗುರವಾಗಿ ಏಳುತ್ತದೆ, ಮುಚ್ಚಳ ಒಡೆಯುತ್ತದೆ, ಹೊಗೆ ಚದುರುತ್ತದೆ.

ಒಂದು ಕಠಿಣ ನಿರ್ಧಾರ

1926ರಲ್ಲಿ ರಿಚರ್ಡ್‌ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. ವಿಜ್ಞಾನಿಗಳಿಗೆ ಇದು ದೊಡ್ಡ ಗೌರವ. ಅವರ ಸಂಶೋಧನೆಗೆ ಹೆಸರು ಬಂತು. ಆದರೆ ಅದರಲ್ಲಿ ಎಲ್ಲರಿಗಿಂತ ಹೆಚ್ಚು ಆಸಕ್ತಿ ತೋರಿಸಿದವರು ಯಾರು ಎಂದು ತಿಳಿದಾಗ ಅವರಿಗೆ ಆಘಾತವಾಯಿತು. ಅವರು ವಿಷಾನಿಲದ ತಜ್ಞರು!

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನ್ ಸೇನೆ ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟಿತ್ತು. ಮುಂದೆ ಎರಡೂ ಕಡೆಯವರು ವಿಷಾನಿಲ ಬಳಸಿದರು. ಅನಿಲ ಬಿಡುವವರಿಗೆ ಬೇಕಾಗಿದ್ದದ್ದು ಏನು? ಗಾಳಿ ಅದನ್ನು ಎತ್ತ ಒಯ್ಯುತ್ತದೆ, ಎಷ್ಟು ಬೇಗ ತೆಳುವಾಗುತ್ತದೆ, ಯಾವ ಹೊತ್ತಿನಲ್ಲಿ ನೆಲಕ್ಕಂಟಿ ನಿಲ್ಲುತ್ತದೆ ಎಂಬ ಲೆಕ್ಕ. ಹೊಗೆ ಹರಡುವ ಬಗೆಯನ್ನು ಬಿಡಿಸುವ ಗಣಿತವೇ ವಿಷ ಹರಡುವ ಬಗೆಯನ್ನೂ ಬಿಡಿಸುತ್ತದೆ. ಗಾಳಿಗೆ ಎರಡರ ನಡುವೆ ಭೇದವಿಲ್ಲ.

ಯುದ್ಧದ ಗಾಯಾಳುಗಳನ್ನು ತಮ್ಮ ಕೈಯಾರೆ ಹೊತ್ತ ರಿಚರ್ಡ್‌ಸನ್ ಬಹಳ ನೊಂದರು. ಹವೆಯ ಸಂಶೋಧನೆಯನ್ನೇ ನಿಲ್ಲಿಸಿದರು. ಇನ್ನೂ ಪ್ರಕಟವಾಗದ ತಮ್ಮ ಬರಹಗಳನ್ನು ನಾಶ ಮಾಡಿದರು. ವರ್ಷಗಟ್ಟಲೆ ದುಡಿದು ಕಂಡುಕೊಂಡದ್ದನ್ನು ತಾವೇ ಅಳಿಸಿಹಾಕುವುದು ಒಬ್ಬ ವಿಜ್ಞಾನಿಗೆ ಎಷ್ಟು ನೋವಿನ ಕೆಲಸ ಎಂದು ಯೋಚಿಸಿ. ಆ ಕಾಗದಗಳಲ್ಲಿ ಏನಿತ್ತೋ ಮುಂದಿನವರಿಗೆ ಸಿಗಲಿಲ್ಲ. ಅದು ಸರಿಯೇ, ತಪ್ಪೇ ಎಂದು ನೀವು ನಿಮ್ಮ ಗುರುಗಳೊಡನೆ ಚರ್ಚಿಸಬಹುದು.

ಅನಂತರ ಅವರು ಯುದ್ಧಗಳು ಏಕೆ ಆಗುತ್ತವೆ ಎಂಬುದನ್ನೇ ಗಣಿತದಿಂದ ತಿಳಿಯಲು ಹೊರಟರು. ಒಂದು ದೇಶ ಆಯುಧ ಹೆಚ್ಚಿಸಿದರೆ ನೆರೆಯ ದೇಶ ಹೆದರಿ ತಾನೂ ಹೆಚ್ಚಿಸುತ್ತದೆ, ಅದನ್ನು ನೋಡಿ ಮೊದಲನೆಯದು ಮತ್ತೆ ಹೆಚ್ಚಿಸುತ್ತದೆ ಎಂಬ ಸುಳಿಯನ್ನು ಸಮೀಕರಣದಲ್ಲಿ ಬರೆದರು. 1929ರಿಂದ ಸ್ಕಾಟ್‌ಲೆಂಡಿನ ಪೈಸ್ಲಿಯಲ್ಲಿ ತಾಂತ್ರಿಕ ಕಾಲೇಜಿನ ಪ್ರಾಂಶುಪಾಲರಾಗಿದ್ದ ಅವರು ಈ ಅಧ್ಯಯನಕ್ಕಾಗಿಯೇ 1940ರಲ್ಲಿ ಆ ಕೆಲಸವನ್ನೂ ಬಿಟ್ಟರು.

ಗಾಳಿ ನೀರಿನ ಸುಳಿಗಳ ಮೋಹ ಮಾತ್ರ ಪೂರ್ತಿ ಹೋಗಲಿಲ್ಲ. 1948ರಲ್ಲಿ ಹೆನ್ರಿ ಸ್ಟೊಮೆಲ್ ಎಂಬ ಅಮೆರಿಕದ ತರುಣ ವಿಜ್ಞಾನಿಯೊಡನೆ ಸೇರಿ ಒಂದು ಪ್ರಬಂಧ ಬರೆದರು. ಅದರ ಪ್ರಯೋಗ ಬಹಳ ಸರಳ. ಕ್ಯಾರೆಟ್ ಜಾತಿಯ ಪಾರ್ಸ್‌ನಿಪ್ ಎಂಬ ಬಿಳಿ ಗಡ್ಡೆಯ ತುಂಡುಗಳನ್ನು ಸಮುದ್ರದ ಹಿನ್ನೀರಿನಲ್ಲಿ ತೇಲಿಬಿಟ್ಟು, ಎರಡು ತುಂಡುಗಳು ಎಷ್ಟು ಬೇಗ ದೂರವಾಗುತ್ತವೆ ಎಂದು ಅಳೆದರು. ಗಾಳಿಯಲ್ಲಿ ಕಂಡ ನಿಯಮವೇ ನೀರಿನಲ್ಲಿಯೂ ಕಂಡಿತು.

ಕನಸು ನನಸಾಯಿತು

1950ರಲ್ಲಿ ಅಮೆರಿಕದಲ್ಲಿ ಎನಿಯಾಕ್ ಎಂಬ ಗಣಕಯಂತ್ರದಿಂದ ಮೊದಲ ಬಾರಿಗೆ ಹವೆಯ ಲೆಕ್ಕ ಮಾಡಲಾಯಿತು. 24 ಗಂಟೆಗಳ ಮುನ್ಸೂಚನೆಗೆ ಸುಮಾರು 24 ಗಂಟೆಗಳೇ ಬೇಕಾದವು. ಜೂಲ್ ಚಾರ್ನಿ ಎಂಬ ವಿಜ್ಞಾನಿ ಆ ಫಲಿತಾಂಶವನ್ನು ವೃದ್ಧ ರಿಚರ್ಡ್‌ಸನ್ನರಿಗೆ ಕಳುಹಿಸಿಕೊಟ್ಟರು. ಅದನ್ನು ಕಂಡು ಅವರು ಸಂತೋಷಪಟ್ಟು ಅಭಿನಂದಿಸಿದರು.

1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರದ ಮೇಲೆ ತಣ್ಣನೆಯ ಗಾಳಿ ಅಲುಗಾಡದೆ ನಿಂತಿತು. ಮನೆ ಮತ್ತು ಕಾರ್ಖಾನೆಗಳ ಕಲ್ಲಿದ್ದಲು ಹೊಗೆ ಮಂಜಿನೊಡನೆ ಬೆರೆತು ನೆಲದಲ್ಲೇ ಉಳಿಯಿತು. ಸುಮಾರು 4,000 ಜನ ಸತ್ತರು ಎಂದು ಮೊದಲು ಅಂದಾಜು ಮಾಡಲಾಯಿತು. ಸಂಖ್ಯೆ 12,000ದವರೆಗೂ ಇರಬಹುದು ಎಂದು ನಂತರದ ಅಧ್ಯಯನಗಳು ತಿಳಿಸಿದವು. ಯಾರೂ ವಿಷಾನಿಲ ಬಿಟ್ಟಿರಲಿಲ್ಲ. ದಿನನಿತ್ಯದ ಹೊಗೆಯೇ ವಿಷವಾಗಿತ್ತು. ಹೊಗೆ ಯಾವಾಗ ನಿಲ್ಲುತ್ತದೆ, ಎತ್ತ ಹೋಗುತ್ತದೆ ಎಂದು ಮುಂಚಿತವಾಗಿ ತಿಳಿದರೆ ಜನರ ಪ್ರಾಣ ಉಳಿಸಬಹುದು ಎಂದು ಜಗತ್ತಿಗೆ ಅರಿವಾಯಿತು.

ರಿಚರ್ಡ್‌ಸನ್ 1953ರ ಸೆಪ್ಟೆಂಬರ್ 30ರಂದು ಸ್ಕಾಟ್‌ಲೆಂಡಿನ ಕಿಲ್ಮನ್ ಎಂಬ ಊರಿನಲ್ಲಿ ತೀರಿಕೊಂಡರು.

ಅವರ ಸಭಾಂಗಣದ ಕಲ್ಪನೆ ನಮ್ಮ ಕರ್ನಾಟಕದಲ್ಲಿಯೂ ನಿಜವಾಯಿತು. 1986ರಲ್ಲಿ ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯದಲ್ಲಿ ಫ್ಲೋಸಾಲ್ವರ್ ಎಂಬ ಗಣಕಯಂತ್ರ ತಯಾರಾಯಿತು. ಆಗ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು ಪ್ರೊ. ರೊದ್ದಂ ನರಸಿಂಹ. ಒಂದೇ ಲೆಕ್ಕವನ್ನು ಹಲವು ಭಾಗ ಮಾಡಿ, ಒಂದೊಂದು ಭಾಗವನ್ನು ಒಂದೊಂದು ಘಟಕ ಏಕಕಾಲದಲ್ಲಿ ಮಾಡಿ, ಉತ್ತರಗಳನ್ನು ಹಂಚಿಕೊಳ್ಳುವುದು ಅದರ ರೀತಿ. ಲೆಕ್ಕಿಗರ ಸಭಾಂಗಣವೇ ಯಂತ್ರವಾದಂತೆ! ಮುಂದೆ ಇಂತಹ ಯಂತ್ರದ ಮೇಲೆ ನಡೆಯುವ ಮಳೆ ಗಾಳಿಯ ಲೆಕ್ಕದ ಮಾದರಿಗೆ ವರ್ಷ ಎಂದು ಹೆಸರಿಟ್ಟರು.

ಚೌಕ ಚಿಕ್ಕದಾದಷ್ಟೂ ಚೆನ್ನ

ರಿಚರ್ಡ್‌ಸನ್ನರ ಒಂದು ಚೌಕದ ವಿಸ್ತೀರ್ಣ ಸುಮಾರು 40,000 ಚದರ ಕಿಲೋಮೀಟರ್. ಇಡೀ ಕರ್ನಾಟಕ 1,91,791 ಚದರ ಕಿಲೋಮೀಟರ್. ಭಾಗಿಸಿ ನೋಡಿ, ನಮ್ಮ ರಾಜ್ಯಕ್ಕೆ ಐದು ಚೌಕವೂ ಬೇಕಾಗುವುದಿಲ್ಲ. ಬದಿ 100 ಕಿಲೋಮೀಟರ್ ಇರುವ ಚೌಕವಾದರೂ ಇಡೀ ಯಾದಗಿರಿ ಜಿಲ್ಲೆಗಿಂತ ದೊಡ್ಡದು. ಅಂತಹ ಲೆಕ್ಕದಲ್ಲಿ ಕಕ್ಕೇರಾ, ಸುರಪುರ, ಶಹಾಪುರ, ಯಾದಗಿರಿ ಎಲ್ಲಕ್ಕೂ ಒಂದೇ ಸಂಖ್ಯೆ. ಒಂದು ಊರಿನ ಹೊಗೆ ಕೂಡಲೇ ಇಡೀ ಜಿಲ್ಲೆಗೆ ಹಂಚಿಹೋದಂತೆ ಲೆಕ್ಕ ತೋರಿಸುತ್ತದೆ. ಸುರಪುರದ ಗುಡ್ಡಗಳು, ಕೃಷ್ಣೆಯ ಬಯಲು ಯಾವುದೂ ಅದಕ್ಕೆ ಕಾಣುವುದಿಲ್ಲ.

ಬದಿಯನ್ನು 1 ಕಿಲೋಮೀಟರಿಗೆ ಇಳಿಸಿದರೆ ಆ ಒಂದು ಚೌಕದ ಜಾಗದಲ್ಲಿ 10,000 ಚೌಕಗಳಾಗುತ್ತವೆ. ಆಗ ಊರು, ಗುಡ್ಡ, ಕೆರೆ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಚೌಕ ಚಿಕ್ಕದಾದಂತೆ ಗಾಳಿ ಒಂದನ್ನು ದಾಟುವ ಹೊತ್ತೂ ಕಡಿಮೆಯಾಗುವುದರಿಂದ ಲೆಕ್ಕವನ್ನು ಹೆಚ್ಚು ಸಲ ಮಾಡಬೇಕಾಗುತ್ತದೆ. ಅದಕ್ಕೇ ಸೂಪರ್ ಕಂಪ್ಯೂಟರ್ ಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ 2018ರಲ್ಲಿ ದೆಹಲಿಯ ಗಾಳಿಗೆ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆಯನ್ನು ಆರಂಭಿಸಿತು. ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಉರಿಯುವ ಬೆಂಕಿಯನ್ನು ಉಪಗ್ರಹದಿಂದ ಗುರುತಿಸಿ, ಆ ಹೊಗೆ ದೆಹಲಿಗೆ ಯಾವಾಗ ಮುಟ್ಟುತ್ತದೆ ಎಂದು ಅದು ಲೆಕ್ಕ ಹಾಕುತ್ತದೆ. ನಂತರ ನಗರದೊಳಗಿನ ಚೌಕದ ಬದಿಯನ್ನು 400 ಮೀಟರಿಗೆ ಇಳಿಸಲಾಯಿತು.

ನಮ್ಮ ಭಾಗದಲ್ಲಿಯೂ ಇಂತಹ ಪ್ರಶ್ನೆಗಳಿವೆ. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಕೃಷ್ಣಾ ದಂಡೆಯ ಮೇಲೆ ಕಲ್ಲಿದ್ದಲು ಸುಟ್ಟು ವಿದ್ಯುತ್ ತಯಾರಿಸುವ ಸ್ಥಾವರ ಇದೆ. ಮುಂಗಾರಿನಲ್ಲಿ ಪಡುವಣ ಗಾಳಿ ಅದರ ಹೊಗೆಯನ್ನು ತೆಲಂಗಾಣದ ಕಡೆಗೆ ಒಯ್ಯುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ ನಮ್ಮ ಕಡೆಗೆ ಬೀಸುತ್ತದೆ. ಎಷ್ಟು ಬರುತ್ತದೆ, ದಾರಿಯಲ್ಲಿ ಎಷ್ಟು ತೆಳುವಾಗುತ್ತದೆ ಎಂಬುದನ್ನು ಚಿಕ್ಕ ಚೌಕಗಳ ಲೆಕ್ಕವೇ ಹೇಳಬೇಕು. ಹೊಗೆಗೆ ತಾಲ್ಲೂಕಿನ ಗಡಿಯೂ ಇಲ್ಲ, ರಾಜ್ಯದ ಗಡಿಯೂ ಇಲ್ಲ. ಆದರೆ ಮ್ಯೂನಿಕ್ ಲೆಕ್ಕದ ಪಾಠ ನೆನಪಿರಲಿ. ಆರಂಭದ ಅಂಕಿ ತಪ್ಪಿದರೆ ಉತ್ತರವೂ ತಪ್ಪುತ್ತದೆ. ಆದ್ದರಿಂದ ಗಾಳಿಯನ್ನು ಊರೂರಿನಲ್ಲಿ ಸರಿಯಾಗಿ ಅಳೆಯುವುದು ಲೆಕ್ಕದಷ್ಟೇ ಮುಖ್ಯ.

ರಿಚರ್ಡ್‌ಸನ್ ಯಾವ ವಿದ್ಯೆ ಕೊಲ್ಲುವವರ ಕೈ ಸೇರುತ್ತದೆಂದು ಹೆದರಿ ಕೈಬಿಟ್ಟರೋ, ಅದೇ ವಿದ್ಯೆ ಇಂದು ಮಕ್ಕಳ ಮತ್ತು ಮುದುಕರ ಉಸಿರು ಕಾಯಲು ದುಡಿಯುತ್ತಿದೆ.

ನೀವೇ ಮಾಡಿ ನೋಡಿ

ಶಾಲೆಯ ಅಂಗಳದಲ್ಲಿ ಸೀಮೆಸುಣ್ಣದಿಂದ ಐದು ಚೌಕಗಳನ್ನು ಸಾಲಾಗಿ ಬರೆಯಿರಿ. ಪಡುವಣದಿಂದ ಮೂಡಣಕ್ಕೆ 1, 2, 3, 4, 5 ಎಂದು ಹೆಸರಿಡಿ. ಒಂದೊಂದು ಚೌಕದಲ್ಲಿ ಒಬ್ಬೊಬ್ಬರು ಕುಳಿತುಕೊಳ್ಳಿ. ಮೊದಲ ಚೌಕದಲ್ಲಿ 64 ಹುಣಸೆ ಬೀಜ ಇಡಿ. ಅದೇ ಹೊಗೆ. ಗುರುಗಳು ಸೀಟಿ ಊದಿದಾಗ ಪ್ರತಿಯೊಬ್ಬರೂ ಆ ಕ್ಷಣದಲ್ಲಿ ತಮ್ಮ ಚೌಕದಲ್ಲಿರುವ ಬೀಜಗಳಲ್ಲಿ ಅರ್ಧವನ್ನು ಎಣಿಸಿ ಒಟ್ಟಿಗೇ ಮುಂದಿನ ಚೌಕಕ್ಕೆ ದಾಟಿಸಿ.

ಮೊದಲ ಸೀಟಿಗೆ 32, 32. ಎರಡನೆಯದಕ್ಕೆ 16, 32, 16. ಮೂರನೆಯದಕ್ಕೆ 8, 24, 24, 8. ನಾಲ್ಕನೆಯದಕ್ಕೆ 4, 16, 24, 16, 4. ಪ್ರತಿ ಸಲವೂ ಕೂಡಿಸಿ ನೋಡಿ, ಮೊತ್ತ 64 ಬರಲೇಬೇಕು. ಬರದಿದ್ದರೆ ಯಾರೋ ತಪ್ಪಿದ್ದಾರೆ! ಹೊಗೆ ಮುಂದಕ್ಕೆ ಸಾಗುತ್ತ, ಹರಡುತ್ತ, ತೆಳುವಾಗುತ್ತ ಹೋಗುವುದನ್ನು ಗಮನಿಸಿ. ಆಮೇಲೆ ಐದೂ ಚೌಕಗಳ ಸುತ್ತ ಒಂದೇ ದೊಡ್ಡ ಚೌಕ ಬರೆಯಿರಿ. ಅದರಲ್ಲಿ ಯಾವಾಗಲೂ 64. ಹೊಗೆ ಯಾರ ಮನೆಯ ಮುಂದೆ ದಟ್ಟವಾಗಿದೆ ಎಂದು ಆ ದೊಡ್ಡ ಚೌಕ ಹೇಳಬಲ್ಲದೇ?

ರಿಚರ್ಡ್‌ಸನ್ನರಿಗೆ 64,000 ಲೆಕ್ಕಿಗರು ಬೇಕಾಗಿದ್ದರು. ಐದು ಜನರಿಂದ ನೀವು ಆರಂಭಿಸಿ.